ಒಂಬತ್ತೇ ಒಂಬತ್ತು ಸುತ್ತು: ಮಗಳ ಸ್ಟ್ಯಾಮಿನಾ ಹಿಂದೆ ಬಿದ್ದ ನಮ್ಮ ಏಳು ತಿಂಗಳು

ಹೋದ ವಾರ ಈ ಫೈಲ್ ಕ್ಲೋಸ್ ಆಯ್ತು ಅನ್ಬಹುದು, ಹಾಗಾಗಿ ಮರೆಯೋಕೆ ಮುಂಚೆ ಬರೆದಿಡ್ತಿದೀನಿ. ನಂಗೆ ಆಗ ಯಾರಾದ್ರೂ ಇದನ್ನೆಲ್ಲಾ ಹೇಳಿದ್ರೆ ಕನಿಷ್ಠ ಎರಡು ತಿಂಗಳು ಉಳೀತಿತ್ತು, ಮಗಳ ಕಣ್ಣೀರೂ ಉಳೀತಿತ್ತು.

ಮಗಳಿಗೆ 9 ವರ್ಷ. ಸ್ಕೂಲಲ್ಲಿ ಫಿಟ್‌ನೆಸ್ ಟೆಸ್ಟ್ ಮಾಡ್ಸಿದ್ರು, 20 ಮೀಟರ್ ಶಟಲ್ ರನ್, ಬೀಪ್ ಟೆಸ್ಟ್ ಅಂತಾನೂ ಕರೀತಾರೆ. ಎರಡು ಗೆರೆ, ಮಧ್ಯೆ 20 ಮೀಟರ್, ಬೀಪ್ ಬರೋದ್ರೊಳಗೆ ಈ ಗೆರೆಯಿಂದ ಆ ಗೆರೆಗೆ ಮುಟ್ಬೇಕು. ಮೊದಲ ಲೆವೆಲ್‌ನಲ್ಲಿ ಗಂಟೆಗೆ 8.5 ಕಿಲೋಮೀಟರ್ ಸ್ಪೀಡು, ಅಂದ್ರೆ ಒಂದು ಸುತ್ತಿಗೆ ಸುಮಾರು ಎಂಟೂವರೆ ಸೆಕೆಂಡು, ಆರಾಮಾಗೇ ಇರುತ್ತೆ. ಆಮೇಲೆ ಹೆಚ್ಚುಕಮ್ಮಿ ನಿಮಿಷಕ್ಕೊಂದು ಸಲ ಅರ್ಧ ಅರ್ಧ ಕಿಲೋಮೀಟರ್ ಏರುತ್ತೆ. ಇವಳು 9 ಸುತ್ತು ಓಡಿ ನಿಂತುಬಿಟ್ಲು. ಮೊದಲ ಲೆವೆಲ್ಲೇ 7 ಸುತ್ತು, ಲೆಕ್ಕ ಹಾಕ್ಕೊಳಿ. ಕ್ಲಾಸಲ್ಲಿ ಮೊದಲು ಕೂತವಳು ಇವಳೇ.

ಮನೆಗೆ ಬಂದವಳು ಬ್ಯಾಗ್ ಇಳಿಸ್ದೇನೇ ಕೇಳಿದ್ಲು, "ಅಪ್ಪಾ, ನನ್ನ ಕಾಲು ಕೆಟ್ಟೋಗಿದ್ಯಾ?"

ಇಲ್ಲಿಂದ ನನ್ನ ತಪ್ಪುಗಳ ಕಥೆ ಶುರು. ನಾನು ಕಾಲೇಜಲ್ಲಿ ಓಡ್ತಿದ್ದೋನು, ಆ ಜಂಭ ಇನ್ನೂ ಇಳಿದಿಲ್ಲ. ಎರಡನೇ ದಿನಾನೇ ಬೆಳಿಗ್ಗೆ ಎಬ್ಬಿಸಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು, ಮೈದಾನದ ಸುತ್ತ ಒಂದೇ ಸಮ ಓಡ್ಸಿದೆ. ಮೊದಲ ದಿನ ಎರಡು ರೌಂಡು, ಮಾರನೇ ದಿನ ಮೂರು, ಹೀಗೆ. ನಾಲ್ಕನೇ ದಿನಕ್ಕೆ ಹೊಟ್ಟೆನೋವು ಬಂತು, ಆರನೇ ದಿನಕ್ಕೆ ತಲೆನೋವು, ಎರಡನೇ ವಾರದಲ್ಲಿ ಶೂ ಒಂದು ಕಾಣೆ ಆಗಿ ಆಮೇಲೆ ಮಂಚದ ಕೆಳಗೆ ಸಿಕ್ತು. ನನ್ನ ಹೆಂಡತಿ ಹೇಳ್ತಾನೇ ಇದ್ಲು, ಅವಳು ಸೋಮಾರಿ ಅಲ್ಲ ರೀ ಏನೋ ಆಗ್ತಿದೆ ನೋಡಿ ಅಂತ. ನಾನು ಕೇಳ್ಲಿಲ್ಲ. ಒಂದಿನ ಮೆಟ್ಟಿಲು ಹತ್ತಿ ಬಂದು ಬಾಗಿಲ ಹತ್ರ ಕೂತ್ಬಿಟ್ಲು, ತುಟಿ ಬಿಳಿಚಿಕೊಂಡಿತ್ತು, ಆಗ ಸ್ವಲ್ಪ ಹೆದರಿಕೆ ಆಯ್ತು. ಆದ್ರೂ ಡಾಕ್ಟರ್ ಹತ್ರ ಹೋಗಿದ್ದು ಆ ಕಾರಣಕ್ಕಲ್ಲ, ಒಂದು ಫಾರ್ಮ್ ಕಾರಣಕ್ಕೆ. ಹೇಳೋಕೇ ನಾಚಿಕೆ ಆಗುತ್ತೆ.

ಫಾರ್ಮ್ ಏನಂದ್ರೆ, ವಾರಕ್ಕೆ ಎರಡು ದಿನ ಮಕ್ಕಳಿಗೆ ಅಥ್ಲೆಟಿಕ್ಸ್ ಹೇಳ್ಕೊಡೋ ಕ್ಲಾಸಿಗೆ ಸೇರ್ಸೋಣ ಅಂತ ಹೋದ್ರೆ ಅವ್ರು ವೈದ್ಯಕೀಯ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು ಅಂದ್ರು. ಜೊತೆಗೆ ಎರಡು ಪುಟದ ಪ್ರಶ್ನಾವಳಿ. ಓಡುವಾಗ ಯಾವತ್ತಾದ್ರೂ ಎದೆನೋವು ಬಂದಿದ್ಯಾ, ತಲೆ ಸುತ್ತಿ ಬಿದ್ದಿದ್ಯಾ, ಓಡಿ ನಿಂತ ಮೇಲೆ ಕೆಮ್ಮು ಬರುತ್ತಾ, ಇವೆಲ್ಲಾ ಸರಿ. ಒಂದು ಕಡೆ ಬಂದು ಸಿಕ್ಕಾಕ್ಕೊಂಡೆ: ಕುಟುಂಬದಲ್ಲಿ ಯಾರಾದ್ರೂ 50 ವರ್ಷಕ್ಕಿಂತ ಮುಂಚೆ ಹೃದಯದ ತೊಂದರೆಯಿಂದ ಅಥವಾ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ? ನನ್ನ ಚಿಕ್ಕಪ್ಪ ನಲವತ್ತರ ಆಸುಪಾಸಲ್ಲಿ ನಿದ್ದೆಯಲ್ಲೇ ಹೋದ್ರು ಅಂತ ಮಾತ್ರ ಗೊತ್ತು. ಯಾಕೆ ಅಂತ ಯಾರೂ ಕೇಳಿರ್ಲಿಲ್ಲ. ಅಮ್ಮಂಗೆ ಫೋನ್ ಮಾಡಿದ್ರೆ ಅವ್ರು "ಈಗ್ಯಾಕೋ ಅದು" ಅಂತ ಅಳೋಕೆ ಶುರು ಮಾಡಿದ್ರು. ಕೊನೆಗೆ "ಹೌದು" ಅಂತ ಟಿಕ್ ಹಾಕಿದೆ. ಹಾಕಬೇಕೋ ಬೇಡ್ವೋ ಅಂತ ಅರ್ಧ ದಿನ ಯೋಚ್ನೆ ಮಾಡಿದ್ದೆ, ಯಾಕಂದ್ರೆ ಟಿಕ್ ಹಾಕಿದ್ರೆ ಕೆಲಸ ಜಾಸ್ತಿ ಅಂತ ಗೊತ್ತಿತ್ತು. ದಯವಿಟ್ಟು ಅಲ್ಲಿ ಸುಳ್ಳು ಬರೀಬೇಡಿ. ಆ ಪ್ರಶ್ನೆ ಸುಮ್ನೆ ಇಟ್ಟಿರಲ್ಲ, ಕೆಲವು ಹೃದಯದ ತೊಂದರೆಗಳು ವಂಶದಲ್ಲಿ ಹರಿದು ಬರ್ತವೆ, ಹೊರಗಿಂದ ನೋಡಿದ್ರೆ ಮಗು ಚೆನ್ನಾಗೇ ಇರುತ್ತೆ. ಫಾರ್ಮ್ ತುಂಬೋಕೆ ಮುಂಚೆ ಎರಡೂ ಕಡೆ ಹಿರಿಯರ ಹತ್ರ ನಿಧಾನಕ್ಕೆ ಕೂತು ಕೇಳ್ಕೊಂಡು ಬನ್ನಿ, ನನ್ನ ಹಾಗೆ ಕ್ಯೂನಲ್ಲಿ ನಿಂತು ಫೋನ್ ಮಾಡೋ ಹಾಗಾಗ್ಬಾರ್ದು.

ಮಕ್ಕಳ ಡಾಕ್ಟರ್ ಫಾರ್ಮ್ ನೋಡಿದ್ರು, ಸ್ಟೆತಸ್ಕೋಪ್ ಇಟ್ಟು ಕೂತಾಗ ಒಂದ್ಸಲ ನಿಂತಾಗ ಒಂದ್ಸಲ ಕೇಳಿಸ್ಕೊಂಡ್ರು, ಇಸಿಜಿ ಮತ್ತೆ ಎಕೋ (ಹೃದಯದ ಸ್ಕ್ಯಾನ್) ಮಾಡ್ಸಿ ಅಂತ ಬರೆದುಕೊಟ್ರು. ಅದೆಲ್ಲಾ ಆದ್ಮೇಲೆ ಮಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ರು, ಅಂಗೈ ನೋಡಿದ್ರು. ನನ್ನ ಕಡೆ ತಿರುಗಿ ಕೇಳಿದ್ರು, "ಇವಳಿಗೆ ಸುಸ್ತು ಎಷ್ಟು ದಿನದಿಂದ?"

ನಾನು ಸ್ಟ್ಯಾಮಿನಾ ಕಮ್ಮಿ ಡಾಕ್ಟ್ರೇ ಅಂದೆ.

"ಅದನ್ನೇ ಕೇಳ್ತಿರೋದು," ಅಂದ್ರು.

ರಕ್ತ ಪರೀಕ್ಷೆ ಮಾಡ್ಸಿದ್ವಿ. ಹಿಮೋಗ್ಲೋಬಿನ್ 10.1 ಇತ್ತು. 5ರಿಂದ 11 ವರ್ಷದ ಮಕ್ಕಳಿಗೆ 11.5ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಫೆರಿಟಿನ್ ಅಂತ ಇನ್ನೊಂದು, ದೇಹದಲ್ಲಿ ಕಬ್ಬಿಣದ ಉಳಿತಾಯ ಎಷ್ಟಿದೆ ಅಂತ ತೋರ್ಸೋದು, ಅದಂತೂ ತಳ ಹಿಡಿದಿತ್ತು. ಆಕ್ಸಿಜನ್ ಹೊತ್ಕೊಂಡು ಹೋಗೋದೇ ಹಿಮೋಗ್ಲೋಬಿನ್, ಅದೇ ಇಲ್ದೇ ಇದ್ರೆ ಸ್ನಾಯು ಏನು ಮಾಡುತ್ತೆ ಪಾಪ, ಗಾಡಿ ಕಮ್ಮಿ ಇದೆ ಸಾಮಾನು ಜಾಸ್ತಿ ಇದೆ ಅನ್ನೋ ಹಾಗೆ. ನಾನು ಆ ಮಗೂನ ಮೂರು ವಾರ ಮೈದಾನದ ಸುತ್ತ ಓಡ್ಸಿದ್ದೆ. ಅವತ್ತು ರಾತ್ರಿ ಅವಳು ಮಲಗಿದ ಮೇಲೆ ಹೋಗಿ ಆ ಸ್ಟಾಪ್‌ವಾಚ್ ಎತ್ತಿ ಕಪಾಟಿನ ಮೇಲೆ ಎಸೆದೆ. ಹೆಂಡತಿ ಏನೂ ಅನ್ಲಿಲ್ಲ, ಅಂದಿದ್ರೇನೇ ಚೆನ್ನಾಗಿತ್ತು.

ಕಬ್ಬಿಣದ ಸಿರಪ್ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಕುಡ್ಸೋದು ಒಂದು ಯುದ್ಧ. ಪ್ರಮಾಣ ಮಗುವಿನ ತೂಕದ ಮೇಲೆ ಡಾಕ್ಟರೇ ಹೇಳ್ಬೇಕು, ಪಕ್ಕದ ಮನೆ ಮಗುಗೆ ಕೊಟ್ಟಿದ್ದು ನಿಮ್ಮ ಮಗುಗೆ ಅಲ್ಲ. ಹಲ್ಲು ಕಪ್ಪಾಗುತ್ತೆ, ಸ್ಟ್ರಾ ಹಾಕಿ ಕುಡ್ಸಿ ಆಮೇಲೆ ಬಾಯಿ ಮುಕ್ಕಳಿಸ್ಸಿ. ಮಲ ಕಪ್ಪಗೆ ಬರುತ್ತೆ, ನಾವು ಗಾಬರಿ ಬಿದ್ದು ಭಾನುವಾರ ಡಾಕ್ಟ್ರಿಗೆ ಫೋನ್ ಮಾಡಿದ್ವಿ, ಅದು ಮಾಮೂಲಿ ಅಂದ್ರು. ಮಲಬದ್ಧತೆ ಬಂದ್ರೂ ಬರ್ಬಹುದು, ಇವಳಿಗೆ ಬಂತು. ಹಾಲು, ಟೀ ಜೊತೆ ಕೊಟ್ರೆ ದೇಹಕ್ಕೆ ಸರಿಯಾಗಿ ಹತ್ತಲ್ಲ, ಹುಳಿ ಹಣ್ಣಿನ ರಸದ ಜೊತೆ ಕೊಟ್ರೆ ಹತ್ತುತ್ತೆ. ಬಾಟ್ಲಿ ಮಾತ್ರ ಚಿಕ್ಕ ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ, ಜಾಸ್ತಿ ಕುಡಿದ್ರೆ ನಿಜವಾಗ್ಲೂ ಅಪಾಯ. ಒಂದು ತಿಂಗಳಿಗೆ 11.3ಕ್ಕೆ ಬಂತು, ಎರಡು ತಿಂಗಳಿಗೆ 12.2. ನಂಬರ್ ಸರಿ ಆಯ್ತಲ್ಲ ನಿಲ್ಸೋಣ ಅಂತ ನಾನು, ಡಾಕ್ಟರ್ ಬೇಡ ಅಂದ್ರು. ರಕ್ತದಲ್ಲಿ ಸರಿ ಆದ್ಮೇಲೂ ಉಳಿತಾಯದ ಡಬ್ಬಿ ತುಂಬೋಕೆ ಇನ್ನೂ ಎರಡು ಮೂರು ತಿಂಗಳು ಬೇಕಂತೆ. ತುಂಬಾ ಜನ ಇಲ್ಲೇ ನಿಲ್ಲಿಸಿ ಆರು ತಿಂಗಳಿಗೆ ಮತ್ತೆ ವಾಪಸ್ ಬರ್ತಾರೆ ಅಂದ್ರು.

ಎಕೋಗೆ ಮೂರು ವಾರ ಕಾಯ್ಬೇಕಾಯ್ತು, ಮಕ್ಕಳಿಗೆ ಮಾಡೋ ಡಾಕ್ಟರ್ ವಾರಕ್ಕೆ ಒಂದೇ ದಿನ ಬರ್ತಿದ್ರು. ಆ ಮೂರು ವಾರ ನಾನು ರಾತ್ರಿ ಎದ್ದೆದ್ದು ಹೋಗಿ ಮಗಳ ಉಸಿರು ನೋಡ್ತಿದ್ದೆ, ಇದನ್ನ ಇಲ್ಲಿ ಬಿಟ್ಟು ಯಾರ ಹತ್ರಾನೂ ಹೇಳಿಲ್ಲ. ಪರೀಕ್ಷೆ ಅಂದ್ರೆ ಏನಿಲ್ಲ, ಎದೆ ಮೇಲೆ ತಣ್ಣಗಿನ ಜೆಲ್ ಹಚ್ಚಿ ಸ್ಕ್ಯಾನ್ ಮಾಡ್ತಾರೆ, ನೋವಿಲ್ಲ, ಇವಳು ಪರದೆ ಮೇಲೆ ತನ್ನ ಹೃದಯ ಕುಣಿಯೋದು ನೋಡಿ ನಗ್ತಿದ್ಲು. ನಾರ್ಮಲ್ ಬಂತು. ಖರ್ಚು ಅಂತ ನೋಡಿದ್ರೆ ಇಡೀ ಏಳು ತಿಂಗಳಲ್ಲಿ ಜಾಸ್ತಿ ದುಡ್ಡು ಹೋಗಿದ್ದು ಇದಕ್ಕೇ, ಕ್ಲಾಸಿನ ಫೀಸಿಗಿಂತ ಜಾಸ್ತಿ. ಇನ್ಶೂರೆನ್ಸ್ ಇದ್ರೆ ಡಾಕ್ಟರ್ ಬರೆದ ಚೀಟಿ ಜೋಪಾನವಾಗಿಡಿ, ನಾನು ಮೂಲ ಪ್ರತಿ ಕ್ಲಾಸಿನವರಿಗೆ ಕೊಟ್ಟು ಆಮೇಲೆ ಪರದಾಡಿದೆ.

ಇನ್ನು ಸ್ಟ್ಯಾಮಿನಾ. ರಕ್ತ ಸ್ವಲ್ಪ ಏರಿದ ಮೇಲೆ ಡಾಕ್ಟರ್ ಆಟ ಶುರು ಮಾಡ್ಸಿ ಅಂದ್ರು, ಗಮನಿಸಿ, ಓಟ ಅನ್ಲಿಲ್ಲ. ಕ್ಲಾಸಿನ ಕೋಚ್ ಕೂಡ ಅದನ್ನೇ ಹೇಳಿದ್ರು, ಅವ್ರ ಒಂದು ಮಾತು ನನ್ನ ತಲೆ ತಿರುಗಿಸ್ತು: "ನೀವು ಒಂದು ಗಂಟೆ ಸುಮ್ನೆ ಕೂತು ಮಕ್ಕಳು ತಾವಾಗೇ ಆಡೋದು ನೋಡಿ ಸರ್, ಯಾವ ಮಗು ಆದ್ರೂ ಒಂದೇ ಸಮ ಹತ್ತು ನಿಮಿಷ ಓಡುತ್ತಾ?" ಹೋಗಿ ನೋಡಿದೆ. ಇಲ್ಲ. ಚಂಗನೆ ಓಡ್ತವೆ, ನಿಲ್ತವೆ, ಜಗಳ ಆಡ್ತವೆ, ಮತ್ತೆ ಓಡ್ತವೆ. ಕೆಲವು ಸೆಕೆಂಡು ಜೋರು, ಸ್ವಲ್ಪ ಹೊತ್ತು ನಿಧಾನ, ಮತ್ತೆ ಜೋರು. ಮಕ್ಕಳು ಸುಧಾರಿಸ್ಕೊಳೋದೂ ದೊಡ್ಡವರಿಗಿಂತ ಬೇಗ. ಇನ್ನೊಂದು ವಿಷಯ, ಕಾಲು ಗಿಡ್ಡ ಹೆಜ್ಜೆ ಜಾಸ್ತಿ, ಹಾಗಾಗಿ ನಮ್ಮ ಸ್ಪೀಡಲ್ಲೇ ಪಕ್ಕದಲ್ಲಿ ಓಡೋ ಮಗು ತನ್ನ ತೂಕಕ್ಕೆ ನಮಗಿಂತ ಜಾಸ್ತಿ ಶಕ್ತಿ ಖರ್ಚು ಮಾಡ್ತಿರುತ್ತೆ. ನನ್ನ ಜೊತೆ ಓಡು ಅಂತ ಎಳ್ಕೊಂಡು ಹೋಗಿದ್ದು ಎಂಥಾ ಪೆದ್ದುತನ ಅಂತ ಆಗ ಅರ್ಥ ಆಯ್ತು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ, ಅದ್ರಲ್ಲಿ ವಾರಕ್ಕೆ ಮೂರು ದಿನ ಆದ್ರೂ ಏದುಸಿರು ಬರೋ ಅಂಥದ್ದು, ಸ್ನಾಯು ಮೂಳೆ ಗಟ್ಟಿ ಆಗೋ ಅಂಥದ್ದು ಇರ್ಬೇಕು ಅಂತ 2020ರ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಹೇಳುತ್ತೆ. ಈ 60 ನಿಮಿಷ ಒಟ್ಟಿಗೆ ಆಗ್ಬೇಕಾಗಿಲ್ಲ, ಇದು ಮುಖ್ಯ. ನಮ್ಮದು ಹೀಗಾಯ್ತು: ಸ್ಕೂಲಿಗೆ ನಡ್ಕೊಂಡು ಹೋಗೋದು ಹದಿನೈದು ನಿಮಿಷ, ಸಂಜೆ ಮುಟ್ಟಾಟ, ಕುಂಟೆಬಿಲ್ಲೆ, ಕಂಬದಾಟ, ಏನು ಸಿಕ್ರೆ ಅದು. ಶುರುವಲ್ಲಿ ಹದಿನೈದಿಪ್ಪತ್ತು ನಿಮಿಷಕ್ಕೇ ಸಾಕಾಗ್ತಿತ್ತು, ಅಷ್ಟಕ್ಕೇ ಬಿಟ್ವಿ. ಅವಳೇ "ಇನ್ನೊಂದಾಟ" ಅನ್ನುವಾಗ ನಿಲ್ಲಿಸೋದು ನನ್ನ ಹೆಂಡತಿ ಐಡಿಯಾ, ಮಾರನೇ ದಿನ ಅವಳೇ ಶೂ ಹಾಕ್ಕೊಂಡು ಬಾಗಿಲಲ್ಲಿ ನಿಂತಿರ್ತಿದ್ಲು. ಸ್ಕಿಪ್ಪಿಂಗ್ ಹಗ್ಗ ತಂದ್ವಿ, ಮೊದಲ ದಿನ ನಾಲ್ಕಕ್ಕೆ ಸಿಕ್ಕಾಕ್ಕೊಂಡು ಬಿತ್ತು. ಕಂಬಿಗೆ ಜೋತು ಬೀಳೋದು, ಮರ ಹತ್ತೋದು, ಕರಡಿ ಹಾಗೆ ನಾಲ್ಕು ಕಾಲಲ್ಲಿ ನಡಿಯೋದು, ಇವೇ ಅವಳ ಜಿಮ್. ತೂಕ ಎತ್ತಿದ್ರೆ ಮಕ್ಕಳು ಕುಳ್ಳಗಾಗ್ತಾರೆ ಅಂತ ನಮ್ಮತ್ತೆ ಹೆದರ್ಸಿದ್ರು, ತನ್ನ ಮೈಭಾರ ತಾನೇ ಎತ್ತೋದಕ್ಕೆ ಯಾರೂ ಕುಳ್ಳಗಾಗಲ್ಲ ಅಂತ ಕೋಚ್ ಹತ್ರಾನೇ ಹೇಳಿಸ್ಬೇಕಾಯ್ತು.

ಎಷ್ಟು ಜೋರು ಅಂತ ಅಳೆಯೋಕೆ ವಾಚ್ ಬೇಡ. ಆಡ್ತಾ ಮಾತಾಡೋಕಾಗುತ್ತೆ ಹಾಡು ಹೇಳೋಕಾಗಲ್ಲ ಅಂದ್ರೆ ಮಧ್ಯಮ, ಎರಡು ಮಾತು ಆಡೋದ್ರೊಳಗೆ ಉಸಿರು ತಗೋಬೇಕು ಅಂದ್ರೆ ಜೋರು. ಮಗಳಿಗೆ ಇದೇ ಒಂದು ಆಟ ಆಗೋಯ್ತು, ಓಡ್ತಾ ಓಡ್ತಾ ಹಾಡೋಕೆ ಹೋಗಿ ತಾನೇ ನಗ್ತಿದ್ಲು. ಆದ್ರೆ ಎದೆನೋವು, ಕಣ್ಣು ಕತ್ತಲೆ, ಓಡ್ತಾ ಇದ್ದ ಹಾಗೇ ಕುಸಿಯೋದು ಇವು ಆದ್ರೆ ಆಟ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ. ಓಟ ನಿಲ್ಲಿಸಿ ಐದ್ಹತ್ತು ನಿಮಿಷಕ್ಕೆ ಕೆಮ್ಮು, ಸುಂಯ್ ಸುಂಯ್ ಅನ್ನೋ ಉಸಿರು ಬಂದ್ರೂ ತೋರ್ಸಿ, ಅದು ಸ್ಟ್ಯಾಮಿನಾ ಕಮ್ಮಿ ಅಲ್ಲ, ವ್ಯಾಯಾಮದಿಂದ ಶ್ವಾಸನಾಳ ಬಿಗಿಯೋದು ಇರ್ಬಹುದು, ಅದಕ್ಕೆ ಔಷಧಿ ಇದೆ. ಬಿಸಿಲಲ್ಲಿ ಮಕ್ಕಳು ನಮ್ಮಷ್ಟು ಬೆವರಲ್ಲ, ಆಟದ ಜೋರಲ್ಲಿ ನೀರೂ ಕೇಳಲ್ಲ, ನಾವೇ ಕರೆದು ಕುಡಿಸ್ಬೇಕು.

ನಾಲ್ಕನೇ ತಿಂಗಳು ಎಲ್ಲಾ ಚೆನ್ನಾಗಿತ್ತು. ಚೆನ್ನಾಗಿದ್ದಿದ್ದೇ ತೊಂದ್ರೆ. ಕ್ಲಾಸ್ ಶುರು ಆಗಿತ್ತು, ಜೊತೆಗೆ ಸಂಜೆ ಆಟ, ಜೊತೆಗೆ ಸ್ಕಿಪ್ಪಿಂಗ್ ನೂರಕ್ಕೆ ಬಂದಿತ್ತು, ಅದನ್ನ ಇನ್ನೂರು ಮಾಡೋಣ ಅಂದೋನು ನಾನೇ. ಒಂದು ಬೆಳಿಗ್ಗೆ ಮಗಳು ತುದಿಗಾಲಲ್ಲಿ ನಡ್ಕೊಂಡು ಬಂದ್ಲು. ಹಿಮ್ಮಡಿ ನೋವು. ಎರಡೂ ಕಡೆಯಿಂದ ಹಿಮ್ಮಡಿ ಹಿಸುಕಿದ್ರೆ ಚೀರ್ತಿದ್ಲು. ಹಳೇ ಅನುಭವ ನೆನಪಾಗಿ ಈ ಸಲ ನಾಟಕ ಅಂತ ಅನ್ಲಿಲ್ಲ, ಸೀದಾ ಕರ್ಕೊಂಡು ಹೋದೆ. ಸೀವರ್ಸ್ ಅಂತಾರೆ ಅದಕ್ಕೆ. ಹೆಸರು ಕೇಳಿ ಹೆದರ್ಬೇಡಿ, ಬೆಳೆಯೋ ವಯಸ್ಸಲ್ಲಿ ಹಿಮ್ಮಡಿ ಮೂಳೆಯಲ್ಲಿ ಇನ್ನೂ ಮೆತ್ತಗಿರೋ ಬೆಳವಣಿಗೆಯ ಪಟ್ಟಿ ಇರುತ್ತೆ, ಮೀನಖಂಡದ ಸ್ನಾಯುರಜ್ಜು ಅದನ್ನ ಪದೇ ಪದೇ ಎಳೆದು ಉರಿ ಬರುತ್ತೆ. ಓಡೋ ನೆಗೆಯೋ ಮಕ್ಕಳಿಗೆ 8ರಿಂದ 14 ವರ್ಷದೊಳಗೆ ಮಾಮೂಲಿ, ತಾನಾಗೇ ಹೋಗುತ್ತೆ, ಆದ್ರೆ ನೆಗೆತ ಕಮ್ಮಿ ಮಾಡ್ಲೇಬೇಕು.

ಐದು ವಾರ. ಮಕ್ಕಳಿಗೆ ಐದು ವಾರ ಅಂದ್ರೆ ಒಂದು ಯುಗ. ಗಳಿಸಿದ್ದೆಲ್ಲಾ ಹೋಗುತ್ತೆ ಅಂತ ನಾನು ಒಳಗೊಳಗೇ ಕುದೀತಿದ್ದೆ, ಆದ್ರೆ ಸೈಕಲ್ ಹೊಡೀಬಹುದು, ನೀರಲ್ಲಿ ಈಜಬಹುದು ಅಂದ್ರು, ಹಿಮ್ಮಡಿಗೆ ಪೆಟ್ಟು ಬೀಳಲ್ಲ ಉಸಿರಿಗೆ ಕೆಲಸ ಸಿಗುತ್ತೆ. ಈಜು ಬರ್ತಿರ್ಲಿಲ್ಲ, ಆ ಐದು ವಾರದಲ್ಲಿ ಕಲಿತ್ಲು. ಮೀನಖಂಡ ಎಳೆಯೋ ಸ್ಟ್ರೆಚ್ ದಿನಾ ಎರಡು ಸಲ, ಹಿಮ್ಮಡಿಗೆ ಒಳ್ಳೆ ಮೆತ್ತೆ ಇರೋ ಶೂ. ಶೂಗೆ ದುಡ್ಡು ಉಳಿಸೋಕೆ ಅಕ್ಕನ ಮಗಳ ಹಳೇದನ್ನ ಹಾಕ್ಸಿದ್ದೆ, ಹಿಮ್ಮಡಿ ಕಡೆ ಸವೆದು ವಾಲಿತ್ತು. ಆ ಉಳಿತಾಯ ಡಾಕ್ಟರ್ ಫೀಸಿಗೆ ಹೋಯ್ತು.

ಇಷ್ಟಾದ್ಮೇಲೆ ಕ್ಲಾಸಿಗೆ ವಾಪಸ್ ಹೋದ್ರೆ ಆಫೀಸಲ್ಲಿ ಕೂತಿದ್ದ ಹುಡುಗ ಸರ್ಟಿಫಿಕೇಟ್ ಹಳೇದಾಯ್ತು ಸರ್ ಅಂತಾನೆ! ಮೂರು ತಿಂಗಳೊಳಗಿಂದು ಬೇಕಂತೆ, ಗಾಯ ಆಗಿ ವಾಪಸ್ ಬಂದ್ರೆ "ಆಡಬಹುದು" ಅಂತ ಬೇರೆ ಚೀಟಿ ಬೇಕಂತೆ. ಮೊದಲ ದಿನಾನೇ ಯಾರೂ ಹೇಳಿರ್ಲಿಲ್ಲ, ಎಲ್ಲೂ ಬರೆದೂ ಇರ್ಲಿಲ್ಲ. ಮತ್ತೆ ಡಾಕ್ಟರ್, ಮತ್ತೆ ಟೋಕನ್, ಮತ್ತೆ ಎರಡು ಗಂಟೆ. ಅದೃಷ್ಟಕ್ಕೆ ಎಕೋ ಮತ್ತೆ ಕೇಳ್ಲಿಲ್ಲ. ಸೇರ್ಸುವಾಗ್ಲೇ ಎಷ್ಟು ದಿನ ಚಾಲ್ತಿ ಅಂತ ಕೇಳಿ ಬರೆಸ್ಕೊಳಿ, ಎಲ್ಲಾ ಕಾಗದದ ಫೋಟೋ ಫೋನಲ್ಲಿ ಒಂದೇ ಫೋಲ್ಡರಲ್ಲಿ ಇಟ್ಕೊಳಿ.

ನಿದ್ದೆ ಬಗ್ಗೆ ಒಂದೇ ಮಾತು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ಬೇಕು, ಇವಳು ಎಂಟು ಮಾಡ್ತಿದ್ಲು, ಅದಕ್ಕೆ ಕಾರಣ ನಾವು ರಾತ್ರಿ ನೋಡ್ತಿದ್ದ ಟಿವಿ. ಟಿವಿ ನಿಂತ ವಾರದಲ್ಲೇ ಬೆಳಿಗ್ಗೆ ಎಬ್ಬಿಸೋ ಜಗಳಾನೂ ನಿಂತ್ತು.

ಹೋದ ವಾರ ಸ್ಕೂಲಲ್ಲಿ ಮತ್ತೆ ಅದೇ ಟೆಸ್ಟ್. ಹಿಂದಿನ ದಿನ ನಾನು ಏನೂ ಮಾತಾಡ್ಬಾರ್ದು ಅಂತ ಹೆಂಡತಿ ಕಟ್ಟುನಿಟ್ಟು ಮಾಡಿದ್ಲು, ಸಂಜೆ ಬಂದಾಗ್ಲೂ ಕೇಳ್ಬಾರ್ದು ಅಂತ. ಮಗಳು ಬಂದ್ಲು, ತಿಂದ್ಲು, ಆಡೋಕೆ ಹೋದ್ಲು, ನಾನು ಅಲ್ಲೇ ಹಲ್ಲು ಕಚ್ಚಿಕೊಂಡು ಕೂತಿದ್ದೆ. ರಾತ್ರಿ ಹಲ್ಲುಜ್ಜುತ್ತಾ ಬಾಯಿ ತುಂಬಾ ನೊರೆ ಇಟ್ಕೊಂಡು ಹೇಳ್ತಾಳೆ, "ಇಪ್ಪತ್ತಾರು." ನಾಲ್ಕನೇ ಲೆವೆಲ್ ಮುಟ್ಟಿದ್ದಾಳೆ. ಕ್ಲಾಸಲ್ಲಿ ಇವಳಿಗಿಂತ ಜಾಸ್ತಿ ಓಡಿದವರು ತುಂಬಾ ಜನ ಇದಾರೆ, ಅದನ್ನೂ ಅವಳೇ ಹೇಳಿದ್ಲು, ಬೇಜಾರೇನಿರ್ಲಿಲ್ಲ.

ಇನ್ನು ಮೂರು ತಿಂಗಳಿಗೆ ಫೆರಿಟಿನ್ ಮತ್ತೊಂದ್ಸಲ ನೋಡ್ಬೇಕು. ಹೊಸ ಶೂ ಆಗ್ಲೇ ಬೆರಳ ಹತ್ರ ಬಿಗಿ ಆಗ್ತಿದೆ ಅಂತಿದ್ದಾಳೆ, ಶನಿವಾರ ಅಂಗಡಿಗೆ ಹೋಗ್ಬೇಕು. ಸಂಜೆ ಹೊತ್ತು ಹೋಗಿ, ಬೆಳಿಗ್ಗೆಗಿಂತ ಕಾಲು ಸ್ವಲ್ಪ ಊದಿರುತ್ತೆ, ಅಳತೆ ಸರಿಯಾಗಿ ಸಿಗುತ್ತೆ.